ಇಂಡೀ ಗೇಮ್‌ನ ಕವರ್ ಚಿತ್ರ: ಮುಖವೋ, ಮನೆಯೋ, ಬರೀ ಹೆಸರೋ?

ದೊಡ್ಡ ಕಂಪನಿಯ ಹಂಗಿಲ್ಲದೆ (ಇಂಡೀ ಅಂದರೆ ಅದೇ) ನಾವಿಬ್ಬರು ಸ್ನೇಹಿತರು ಸೇರಿ ಮಾಡುತ್ತಿರುವ ಆಟ ನಡೆಯೋದು ಮಲೆನಾಡಿನ ಒಂದು ಒಂಟಿ ಮನೆಯಲ್ಲಿ. ಜಡಿಮಳೆ, ಕರೆಂಟಿಲ್ಲ, ಮನೆಯೊಳಗೆ ನೀವಲ್ಲದೆ ಇನ್ಯಾರೋ ಇದ್ದಾರೆ. ಆಟದ ಹೆಸರು ಇಲ್ಲಿ ಹೇಳುವುದಿಲ್ಲ, ಸುಮ್ನೆ ಜಾಹೀರಾತಾಗಿಬಿಡುತ್ತದೆ. ಅದರ ಮೊದಲ ಕವರ್ ಚಿತ್ರಕ್ಕೆ ಮೂರು ವಾರ ಹಿಡಿಯಿತು. ಹೆಂಚಿನ ಮಾಡು, ಸೂರಿನಿಂದ ಇಳಿಯುವ ನೀರು, ಹಿಂದೆ ಅಡಿಕೆ ಮರಗಳ ಸಾಲು, ಒಂದೇ ಒಂದು ಕಿಟಕಿಯಲ್ಲಿ ಬೆಳಕು. ಮನೆಯಲ್ಲಿ ತೋರಿಸಿದರೆ ಎಲ್ಲರಿಗೂ ಖುಷಿ. ಅಮ್ಮ "ನಮ್ಮಜ್ಜಿ ಮನೆ ಥರಾನೇ ಇದೆಯಲ್ಲೋ" ಅಂದರು.

ಆಟಗಳನ್ನು ಮಾರುವ ಆನ್‌ಲೈನ್ ಅಂಗಡಿ ಸ್ಟೀಮ್‌ಗೆ ಹಾಕುವ ಮುಂಚೆ ಅದನ್ನು ಅಲ್ಲಿ ಕಾಣುವ ಅತಿ ಚಿಕ್ಕ ಅಳತೆಗೆ ಇಳಿಸಿ ನೋಡಿದೆವು. ಕಡುಹಸಿರು ಬಣ್ಣದ ಒಂದು ಕಲೆ. ಪಾಚಿ ಹಿಡಿದ ಕಾಂಪೌಂಡ್ ಗೋಡೆ ಅಂದರೂ ಜನ ನಂಬುತ್ತಿದ್ದರು.

ಆಮೇಲೆ ಇರುವ ದಾರಿಗಳನ್ನೆಲ್ಲ ಪಕ್ಕಪಕ್ಕ ಇಟ್ಟು ನೋಡಲು ಕೂತೆವು. ಮುಖ ಹಾಕೋದಾ, ಜಾಗ ಹಾಕೋದಾ? ನಾವೇ ಬರೆಯೋದಾ, ದುಡ್ಡು ಕೊಟ್ಟು ಬರೆಸೋದಾ? ಹೆಸರು ಕನ್ನಡದಲ್ಲಾ, ಇಂಗ್ಲಿಷಿನಲ್ಲಾ? ನೀವೂ ಒಂದು ಚಿಕ್ಕ ಆಟ ಮಾಡಿಕೊಂಡು ಇದೇ ಗೊಂದಲದಲ್ಲಿದ್ದರೆ ಈ ಹೋಲಿಕೆ ಕೆಲಸಕ್ಕೆ ಬರಬಹುದು. ನನ್ನ ಒಲವು ಯಾವ ಕಡೆ ಅಂತ ಮೊದಲೇ ಹೇಳಿಬಿಡುತ್ತೇನೆ: ಚಿಕ್ಕ ಅಳತೆಯಲ್ಲಿ ಯಾವುದು ನಿಲ್ಲುತ್ತದೋ ಅದನ್ನು ಆರಿಸಿ. ದೊಡ್ಡದರಲ್ಲಿ ಎಲ್ಲವೂ ಚೆನ್ನಾಗೇ ಕಾಣುತ್ತವೆ.

ಯಾವ ಅಂಗಡಿ ಏನು ಕೇಳುತ್ತದೆ

ಸ್ಟೀಮ್‌ನಲ್ಲಿ ಕವರ್‌ಗೆ ಕ್ಯಾಪ್ಸೂಲ್ ಅನ್ನುತ್ತಾರೆ. ಒಂದಲ್ಲ, ಹಲವು ಬೇಕು. ಆಟದ ಪುಟದ ಮೇಲ್ಭಾಗದಲ್ಲಿ ಕೂರುವ ಹೆಡರ್ 920×430 ಪಿಕ್ಸೆಲ್. ಮುಖಪುಟದಲ್ಲಿ ತಿರುಗುವ ದೊಡ್ಡ ಚೌಕಟ್ಟಿಗೆ 1232×706. ದೊಡ್ಡ ಸೇಲ್‌ಗಳ ಸಮಯದಲ್ಲಿ ಕಾಣುವ ಉದ್ದನೆಯದು 748×896. ಕೊಂಡವರ ಲೈಬ್ರರಿಗೆ, ಅಂದರೆ ಅವರು ಕೊಂಡ ಆಟಗಳೆಲ್ಲ ಇರುವ ಪುಟಕ್ಕೆ, 600×900 ಒಂದು. ಅದೇ ಲೈಬ್ರರಿಯಲ್ಲಿ ಆಟ ತೆರೆದಾಗ ಮೇಲೆ ಹರಡಿಕೊಳ್ಳುವ ಹೀರೋ ಚಿತ್ರ 3840×1240. ಇವೆಲ್ಲದರ ನಡುವೆ ಬಡಪಾಯಿಯ ಹಾಗೆ ನಿಂತಿರುವುದು 462×174ರ ಚಿಕ್ಕ ಕ್ಯಾಪ್ಸೂಲ್.

ನಾವು ತಪ್ಪು ಮಾಡಿದ್ದು ಈ ಬಡಪಾಯಿಯ ವಿಷಯದಲ್ಲೇ. ಹುಡುಕಾಟದ ಪಟ್ಟಿ, ಹೊಸ ಆಟಗಳ ಪಟ್ಟಿ, ಜಾಸ್ತಿ ಮಾರಾಟವಾಗುವ ಆಟಗಳ ಪಟ್ಟಿ, ಎಲ್ಲೆಲ್ಲಿ ಪಟ್ಟಿ ಇದೆಯೋ ಅಲ್ಲೆಲ್ಲ ಕಾಣುವುದು ಇದು. ಇದರಿಂದ ಸ್ಟೀಮ್ ತಾನಾಗಿಯೇ ಇನ್ನೂ ಎರಡು ಅಳತೆ ಮಾಡಿಕೊಳ್ಳುತ್ತದೆ, 184×69 ಮತ್ತು 120×45. ಕೊನೆಯದರಲ್ಲಿ ನಿಮಗೆ ಸಿಗೋದು ಒಟ್ಟು 5,400 ಪಿಕ್ಸೆಲ್. ಹೀರೋ ಚಿತ್ರದಲ್ಲಿ 47 ಲಕ್ಷಕ್ಕೂ ಜಾಸ್ತಿ. ನಮ್ಮ ಆಟದ ಹೆಸರೇ ಕೇಳಿರದವರು ನೋಡೋದು ಮೊದಲನೆಯದನ್ನು. ದುಡ್ಡು ಕೊಟ್ಟು ಆಗಲೇ ಕೊಂಡವರು ನೋಡೋದು ಎರಡನೆಯದನ್ನು. ನಾವು ಶ್ರಮ ಹಾಕೋದು ಮಾತ್ರ ಉಲ್ಟಾ.

ಮೆಜೆಸ್ಟಿಕ್‌ನಲ್ಲಿ ಬಸ್ಸು ಬರುವಾಗ ನೆನಪಿಸಿಕೊಳ್ಳಿ. ದೂರದಿಂದ ನೋಡೋದು ನಂಬರ್ ಮಾತ್ರ. ಯಾವ್ಯಾವ ಸ್ಟಾಪಿನ ಮೇಲೆ ಹೋಗುತ್ತದೆ ಅನ್ನೋದನ್ನು ಹತ್ತಿರ ಬಂದಮೇಲೆ ಓದುತ್ತೇವೆ. ಚಿಕ್ಕ ಕ್ಯಾಪ್ಸೂಲ್ ಆ ನಂಬರ್ ಇದ್ದಹಾಗೆ. ಅದರಲ್ಲಿ ಹೆಸರೇ ಜಾಗವನ್ನೆಲ್ಲ ತುಂಬಿಕೊಂಡರೂ ಪರವಾಗಿಲ್ಲ. ಸ್ಟೀಮ್‌ನ ಕೈಪಿಡಿಯೂ ಹೆಚ್ಚುಕಮ್ಮಿ ಇದನ್ನೇ ಹೇಳುತ್ತದೆ.

ಚಿಕ್ಕ ಆಟಗಳನ್ನು ಹಾಕುವ ಇನ್ನೊಂದು ತಾಣ ಇಚ್.ಐಒದಲ್ಲಿ ಲೆಕ್ಕ ಸುಲಭ. ಒಂದೇ ಕವರ್, 630×500. ಜಿಫ್, ಅಂದರೆ ಚಲಿಸುವ ಚಿತ್ರ ಕೂಡ ಹಾಕಬಹುದು. ಮೂರು ಸೆಕೆಂಡಿನ ಒಂದು ಚಲನೆ, ಅಂದರೆ ಜಿಗಿಯುವ ಪಾತ್ರವೋ ತಿರುಗುವ ಗಾಲಿಯೋ ನಿಮ್ಮಲ್ಲಿದ್ದರೆ, ಇಲ್ಲಿ ಚಿತ್ರಕ್ಕಿಂತ ಅದೇ ಜಾಸ್ತಿ ಮಾತಾಡುತ್ತದೆ. ಸ್ಟೀಮ್ ಕವರ್‌ನಲ್ಲಿ ಈ ಸೌಕರ್ಯ ಇಲ್ಲ.

ಗೂಗಲ್ ಪ್ಲೇಯಲ್ಲಿ ಕವರ್ ಅಂದರೆ ನಿಜಕ್ಕೂ ಐಕಾನ್, 512×512. ಮೂಲೆಗಳನ್ನು ಗೂಗಲ್ಲೇ ದುಂಡಗೆ ಮಾಡುತ್ತದೆ, ನೀವು ಮಾಡಿ ಕಳಿಸಿದರೆ ಎರಡೆರಡು ಅಂಚು ಕಾಣುತ್ತದೆ. ಅದರಲ್ಲಿ ಅಕ್ಷರ ಹಾಕೋದು ದಂಡ, ಯಾಕಂದರೆ ಹೆಸರು ಹೇಗೂ ಪಕ್ಕದಲ್ಲಿ ಬಂದಿರುತ್ತದೆ. ಜೊತೆಗೆ 1024×500ರ ಫೀಚರ್ ಗ್ರಾಫಿಕ್ ಅನ್ನೋ ಅಡ್ಡ ಚಿತ್ರ ಒಂದು ಬೇಕು. ವಿಡಿಯೋ ಸೇರಿಸಿದರೆ ಅದರ ನಡುಮಧ್ಯೆ ಪ್ಲೇ ಬಟನ್ ಬಂದು ಕೂರುತ್ತದೆ. ನಾಯಕನ ಮೂಗಿನ ಮೇಲೆ ತ್ರಿಕೋನ ಬೀಳದ ಹಾಗೆ ನೋಡಿಕೊಳ್ಳಿ.

ಹಾಗಾದರೆ ಒಂದೇ ದೊಡ್ಡ ಚಿತ್ರ ಬರೆದು ಎಲ್ಲ ಅಳತೆಗೂ ಕತ್ತರಿಸೋದಾ, ಪ್ರತಿಯೊಂದಕ್ಕೂ ಬೇರೆ ಬರೆಯೋದಾ? ಕತ್ತರಿಸೋದು ಅಗ್ಗ, ಆದರೆ ಉದ್ದ ಚಿತ್ರದಲ್ಲಿ ತಲೆ ಹೋಗುತ್ತದೆ, ಅಡ್ಡ ಚಿತ್ರದಲ್ಲಿ ಕಾಲು ಹೋಗುತ್ತದೆ. ಬೇರೆ ಬೇರೆ ಬರೆಯೋದು ನಮ್ಮಂಥವರ ಜೇಬಿಗೆ ಭಾರ. ನಡುವಿನ ದಾರಿ ಒಂದಿದೆ. ಪಾತ್ರ, ಹಿನ್ನೆಲೆ, ಮುನ್ನೆಲೆ, ಹೆಸರು, ಇವನ್ನು ಬೇರೆ ಬೇರೆ ಲೇಯರ್‌ಗಳಲ್ಲಿ, ಅಂದರೆ ಒಂದರ ಮೇಲೊಂದು ಕೂರುವ ಪದರಗಳಲ್ಲಿ, ಪೂರ್ತಿಯಾಗಿ ಬರೆದಿಟ್ಟುಕೊಳ್ಳಿ. ಪಾತ್ರದ ಹಿಂದೆ ಮರೆಯಾಗಿರುವ ಗೋಡೆಯೂ ಪೂರ್ತಿ ಇರಬೇಕು. ಆಮೇಲೆ ಪ್ರತಿ ಅಳತೆಗೂ ಅವನ್ನು ಸರಿಸಿ, ಹಿಗ್ಗಿಸಿ, ಮತ್ತೆ ಜೋಡಿಸಬಹುದು. ನಾವು ಈಗ ಮಾಡುತ್ತಿರುವುದು ಇದನ್ನೇ.

ಮುಖ, ಜಾಗ, ವಸ್ತು, ಹೆಸರು

ಕವರ್ ಮೇಲೆ ಏನಿರಬೇಕು ಅನ್ನೋದಕ್ಕೆ ನಾಲ್ಕು ಉತ್ತರಗಳಿವೆ. ನಾಲ್ಕರಲ್ಲೂ ಗೆದ್ದ ಆಟಗಳಿವೆ, ಅದಕ್ಕೇ ಗೊಂದಲ.

ಮುಖ ಅಥವಾ ಪಾತ್ರ ಹಾಕೋದು ಎಲ್ಲರೂ ಮೊದಲು ಯೋಚಿಸುವ ದಾರಿ. ಮನುಷ್ಯರ ಕಣ್ಣು ಕಣ್ಣನ್ನೇ ಹುಡುಕುತ್ತದೆ, ಇದರಲ್ಲಿ ಹೊಸದೇನಿಲ್ಲ. 2017ರ ಹಾಲೋ ನೈಟ್ ನೋಡಿ. ಕತ್ತಲ ನೀಲಿ, ಅದರ ಮಧ್ಯೆ ಎರಡು ಕೊಂಬಿನ ಬಿಳಿ ಮುಖವಾಡ, ಎರಡು ಕಪ್ಪು ಕಣ್ಣು. ಎಷ್ಟು ಚಿಕ್ಕದು ಮಾಡಿದರೂ ಆ ಮುಖ ಕರಗುವುದಿಲ್ಲ. ಯಕ್ಷಗಾನದ ಬಯಲಾಟದಲ್ಲಿ ಕೊನೆಯ ಸಾಲಿನಲ್ಲಿ ಕೂತವರಿಗೂ ಬಣ್ಣದ ವೇಷ ಬಂತು ಅಂತ ತಿಳಿಯುತ್ತದಲ್ಲ, ಹಾಗೆ. ಮೂಗು ಹೇಗಿದೆ, ತುಟಿ ಹೇಗಿದೆ ಅಂತ ಅಲ್ಲಿಗೆ ಕಾಣೋದಿಲ್ಲ. ಕಿರೀಟದ ಆಕಾರ ಕಾಣುತ್ತದೆ, ಮುಖದ ಬಿಳಿ ಕೆಂಪು ಕಾಣುತ್ತದೆ. ನಿಮ್ಮ ಪಾತ್ರಕ್ಕೆ ಅಂಥ ಆಕಾರ ಇದ್ದರೆ ಮಾತ್ರ ಮುಖದ ದಾರಿ ಸರಿ. ಜೀನ್ಸ್ ಟೀಶರ್ಟ್ ಹಾಕಿದ ಸಾಧಾರಣ ಹುಡುಗನೇ ನಿಮ್ಮ ನಾಯಕನಾದರೆ ಅವನನ್ನು ಕವರ್ ಮೇಲೆ ನಿಲ್ಲಿಸಿ ಪ್ರಯೋಜನವಿಲ್ಲ. ಪಟ್ಟಿಯಲ್ಲಿ ಅವನಂಥವರು ನೂರು ಜನ ನಿಂತಿರುತ್ತಾರೆ.

ಜಾಗ ಹಾಕೋದು ನಾವು ಬಿದ್ದ ಹಳ್ಳ. ಊರು ಕಟ್ಟುವ ಆಟ, ಹೊಲ ಮಾಡುವ ಆಟಗಳಿಗೆ ಇದು ಹೊಂದುತ್ತದೆ, ಯಾಕಂದರೆ ಅಲ್ಲಿ ಜಾಗವೇ ನಾಯಕ. ಉಳಿದವರು ಜಾಗ ಹಾಕಲೇಬೇಕು ಅಂದರೆ 2010ರ ಲಿಂಬೋದ ಹಾಗೆ ಕಪ್ಪು ಬಿಳುಪಿಗೆ ಇಳಿಸಬೇಕು. ಕಾಡು ಇದೆ, ಆದರೆ ನೆರಳಾಗಿ. ನಮ್ಮ ಕಣ್ಣು ಹೋಗಿ ನಿಲ್ಲೋದು ಹುಡುಗನ ಹೊಳೆಯುವ ಎರಡು ಕಣ್ಣಿನ ಮೇಲೆ.

ವಸ್ತುವಿನ ದಾರಿಯನ್ನು ಜನ ಅಷ್ಟಾಗಿ ಯೋಚಿಸುವುದಿಲ್ಲ, ನನಗೆ ಇಷ್ಟವಾದದ್ದು ಇದೇ. 2024ರ ಬಲಾಟ್ರೋದ ಗುರುತು ಅಂದರೆ ಜೋಕರ್ ಎಲೆ. ಇಸ್ಪೀಟು ಕಂಡರೆ ಏನು ಆಟ ಅಂತ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಎಲೆಯ ಮೇಲಿರುವ ವಿಚಿತ್ರ ನಗು ನೋಡಿದರೆ ಇದು ಮಾಮೂಲಿ ಇಸ್ಪೀಟಲ್ಲ ಅಂತಲೂ ಗೊತ್ತಾಗುತ್ತದೆ. ಒಂದು ವಸ್ತು, ಅದರಲ್ಲಿ ಒಂದು ವಕ್ರ. ನಿಮ್ಮ ಆಟಗಾರ ಕೈಯಲ್ಲಿ ಏನು ಹಿಡಿದಿರುತ್ತಾನೆ ಅಂತ ಕೇಳಿಕೊಳ್ಳಿ. ನಮ್ಮದಕ್ಕೆ ಉತ್ತರ ಸಿಕ್ಕಿದ್ದು ಹೀಗೆ: ಇಡೀ ಆಟದಲ್ಲಿ ಆಟಗಾರನ ಕೈಯಲ್ಲಿರೋದು ಒಂದು ಚಿಮಣಿ ಬುಡ್ಡಿ.

ಬರೀ ಹೆಸರು ಹಾಕೋದು ಧೈರ್ಯದ ಕೆಲಸ. 2015ರ ಅಂಡರ್‌ಟೇಲ್ ಕಪ್ಪು ಹಿನ್ನೆಲೆಯಲ್ಲಿ ಬಿಳಿ ಅಕ್ಷರ, ಒಂದು ಚೂರು ಕೆಂಪು ಹೃದಯ. 2019ರ ಬಾಬಾ ಈಸ್ ಯೂನಲ್ಲಿ ಪದಗಳನ್ನು ತಳ್ಳೋದೇ ಆಟ, ಹಾಗಾಗಿ ಹೆಸರೇ ಚಿತ್ರವಾಯಿತು. ಎರಡನೆಯದಕ್ಕೆ ಕಾರಣವಿತ್ತು. ಕಾರಣವಿಲ್ಲದೆ ಬರೀ ಹೆಸರು ಹಾಕಿದರೆ ಚಿತ್ರ ಬರೆಯೋಕೆ ದುಡ್ಡಿರಲಿಲ್ಲ ಅನ್ನೋದು ತಿಳಿಯುತ್ತದೆ, ಅಷ್ಟೇ.

ಚೆಂದವೋ, ಬೋರ್ಡೋ

ಇದು ನನ್ನ ಸ್ನೇಹಿತನಿಗೂ ನನಗೂ ಜಗಳವಾದ ಜಾಗ. ಕವರ್ ಬೇರೆ ಯಾರದ್ದೂ ಥರ ಇರಬಾರದು ಅಂತ ಅವನು. ಒಂದೇ ನೋಟಕ್ಕೆ ಯಾವ ಜಾತಿಯ ಆಟ ಅಂತ ಗೊತ್ತಾಗಬೇಕು ಅಂತ ನಾನು.

ಊರಿನಲ್ಲಿ ಹೊಸ ಹೋಟೆಲು ಕಂಡಾಗ ಬೋರ್ಡ್ ನೋಡಿಯೇ ಒಳಗೆ ಏನು ಸಿಗುತ್ತದೆ ಅಂತ ಹೇಳುತ್ತೇವೆ. ದರ್ಶಿನಿಯೋ, ಮಿಲಿಟರಿ ಹೋಟೆಲೋ, ಖಾನಾವಳಿಯೋ, ಪೂರ್ತಿ ಓದುವ ಮುಂಚೆಯೇ ಅಂದಾಜಾಗುತ್ತದೆ. ಮುದ್ದೆ ಬೇಕು ಅಂತ ಹೊರಟವನಿಗೆ ಕಲಾತ್ಮಕ ಬೋರ್ಡ್ ಬೇಕಾಗಿಲ್ಲ. ಗೇಮ್ ಅಂಗಡಿಯಲ್ಲೂ ಹಾಗೇ. ಹೊಲದ ಆಟಕ್ಕೆ ತಿಳಿ ಆಕಾಶ, ಮರದ ಹಲಗೆಯ ಮೇಲೆ ದಪ್ಪ ಅಕ್ಷರ. ಭಯದ ಆಟಕ್ಕೆ ಕತ್ತಲು, ಅರ್ಧ ಮುಖ. ಊರು ಕಟ್ಟುವ ಆಟಕ್ಕೆ ಓರೆಯಾಗಿ ಮೇಲಿನಿಂದ ನೋಡಿದ ಮನೆಗಳು. ಈ ಭಾಷೆಯನ್ನು ಆಟಗಾರರು ಆಗಲೇ ಕಲಿತಿದ್ದಾರೆ. ನಾವು ಬಂದು ಹೊಸ ವ್ಯಾಕರಣ ಹೇಳಿಕೊಡೋಕೆ ಸಮಯವಿಲ್ಲ, ಅವರು ಬೆರಳಾಡಿಸುತ್ತಾ ಹೋಗಿಬಿಡುತ್ತಾರೆ.

ಆದರೆ ಸ್ನೇಹಿತ ಹೇಳಿದ್ದರಲ್ಲೂ ಹುರುಳಿತ್ತು. ನಮ್ಮ ಮೊದಲ ಕವರ್‌ನ ತೊಂದರೆ ಬರೀ ಕತ್ತಲೆಯಲ್ಲ. ದೊಡ್ಡದಾಗಿ ನೋಡಿದಾಗಲೂ ಅದು ಭಯದ ಆಟದ ಹಾಗೆ ಕಾಣುತ್ತಿರಲಿಲ್ಲ, ಮಲೆನಾಡಿನ ಹೋಮ್‌ಸ್ಟೇಯ ಜಾಹೀರಾತಿನ ಹಾಗಿತ್ತು. ಹಾಗಂತ ಕೆಂಪು ಅಕ್ಷರದಿಂದ ರಕ್ತ ಸೋರಿಸಿದ್ದರೆ ನಾವು ನೂರರಲ್ಲಿ ಒಬ್ಬರಾಗುತ್ತಿದ್ದೆವು. ಕೊನೆಗೆ ಒಪ್ಪಿಕೊಂಡದ್ದು ಇಷ್ಟು: ಜಾತಿ ಹೇಳುವ ಗುರುತು ಎಲ್ಲರದ್ದೇ ಇರಲಿ, ಅದರೊಳಗೆ ಒಂದೇ ಒಂದು ನಮ್ಮದು ಇರಲಿ. ಕತ್ತಲು, ಅರ್ಧ ಮುಖ ಎಲ್ಲರದು. ಚಿಮಣಿ ಬುಡ್ಡಿ ನಮ್ಮದು. ಪುಣೆಯ ನಾಡಿಂಗ್ ಹೆಡ್ಸ್ ಗೇಮ್ಸ್ 2020ರಲ್ಲಿ ತಂದ ರಾಜಿ ನೆನಪಾಗುತ್ತದೆ. ಶತ್ರುಗಳ ಜೊತೆ ಹೊಡೆದಾಡುತ್ತಾ ಮುಂದೆ ಹೋಗುವ ಆಟ, ಆ ಜಾತಿ ಎಲ್ಲರಿಗೂ ಗೊತ್ತು. ಆದರೆ ಆಡೋದು ಪುರಾಣದ ಲೋಕದ ಒಬ್ಬ ಹುಡುಗಿಯಾಗಿ. ಗೊತ್ತಿರುವುದರ ಒಳಗೆ ಗೊತ್ತಿಲ್ಲದ್ದು.

ಇದನ್ನು ನೀವೇ ಮಾಡಿ ನೋಡುವ ಒಂದು ಸುಲಭದ ದಾರಿ ಇದೆ. ನಿಮ್ಮ ಜಾತಿಯದೇ ಹದಿನೈದು ಆಟಗಳ ಕವರ್ ಒಂದೇ ಹಾಳೆಯಲ್ಲಿ ಅಂಟಿಸಿ, ನಡುವೆ ನಿಮ್ಮದನ್ನು ಸೇರಿಸಿ. ಆಟದ ಬಗ್ಗೆ ಏನೂ ಗೊತ್ತಿಲ್ಲದ ಒಬ್ಬರಿಗೆ ಎರಡು ಸೆಕೆಂಡು ತೋರಿಸಿ ಮುಚ್ಚಿ. ಯಾವುದು ನೆನಪಿದೆ ಕೇಳಿ. ನಿಮ್ಮದು ಈ ಗುಂಪಿಗೆ ಸೇರಿದ್ದೇ ಅಲ್ಲ ಅಂದರೆ ಬೋರ್ಡ್ ತಪ್ಪಾಗಿದೆ. ನೆನಪೇ ಇಲ್ಲ ಅಂದರೆ ನಿಮ್ಮದು ಅನ್ನೋದು ಅದರಲ್ಲಿ ಏನೂ ಇಲ್ಲ. ಅಮ್ಮನಿಗೆ ಮಾತ್ರ ತೋರಿಸಬೇಡಿ.

ಪಿಕ್ಸೆಲ್ ಆಟಕ್ಕೆ ಪಿಕ್ಸೆಲ್ ಕವರ್ ಬೇಕಾ?

ಆಟ ಪಿಕ್ಸೆಲ್ ಚಿತ್ರಗಳದ್ದಾದರೆ (ಹಳೆಯ ಆಟಗಳ ಹಾಗೆ ಚೌಕ ಚೌಕವಾಗಿ ಕಾಣುವ ಶೈಲಿ) ಕವರ್ ಬಣ್ಣ ಬಳಿದ ಚಿತ್ರವಾಗಿರಬಹುದಾ ಅನ್ನೋ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. ಮೋಸ ಮಾಡಿದ ಹಾಗಲ್ವಾ ಅಂತ ಕೆಲವರ ಸಂಕೋಚ. 2018ರ ಸೆಲೆಸ್ಟ್ ಮತ್ತು ಡೆಡ್ ಸೆಲ್ಸ್ ಎರಡೂ ಪಿಕ್ಸೆಲ್ ಆಟಗಳು, ಎರಡಕ್ಕೂ ಕವರ್ ಕೈಯಲ್ಲಿ ಬರೆದ ಚಿತ್ರ. ಯಾರೂ ಮೋಸ ಅಂದಿಲ್ಲ. ಕವರ್ ಪಕ್ಕದಲ್ಲೇ ಸ್ಕ್ರೀನ್‌ಶಾಟ್‌ಗಳು ಇರುತ್ತವಲ್ಲ. ಬಲಾಟ್ರೋ ಪಿಕ್ಸೆಲ್‌ನಲ್ಲೇ ಉಳಿದುಕೊಂಡಿತು, ಯಾಕಂದರೆ ಹಳೆಯ ಟಿವಿ ಪರದೆಯ ಆ ಕಳೆಯೇ ಆಟದ ರುಚಿ. ಪಿಕ್ಸೆಲ್ ನಿಮಗೆ ರುಚಿಯಾದರೆ ಇಟ್ಟುಕೊಳ್ಳಿ. ಸುಲಭ ಅಂತ ಪಿಕ್ಸೆಲ್ ಮಾಡಿದ್ದರೆ ಕವರ್ ಬರೆಸಿ. ಒಂದು ಎಚ್ಚರ: ಪಿಕ್ಸೆಲ್ ಚಿತ್ರವನ್ನು ಬೇಕಾಬಿಟ್ಟಿ ಕುಗ್ಗಿಸಿದರೆ ಚೌಕಗಳು ಒಂದಕ್ಕೊಂದು ಹೊಂದದೆ ಮಸುಕಾಗುತ್ತವೆ. ಚಿಕ್ಕ ಅಳತೆಗೆ ಅದನ್ನು ಮತ್ತೆ ಬರೆಯಬೇಕಾಗುತ್ತದೆ.

ಹೆಸರು ಕನ್ನಡದಲ್ಲಿ ಬರೆದರೆ

ಇದರ ಬಗ್ಗೆ ನಾವು ನೋಡಿದ ಇಂಗ್ಲಿಷಿನ ಯಾವ ಗೈಡೂ ಹೇಳುವುದಿಲ್ಲ, ಆದ್ದರಿಂದ ಸ್ವಲ್ಪ ಉದ್ದ ಹೇಳುತ್ತೇನೆ.

ಇಂಗ್ಲಿಷಿನ ದೊಡ್ಡಕ್ಷರಗಳೆಲ್ಲ ಒಂದೇ ಎತ್ತರ. ಎರಡು ಗೆರೆ ಎಳೆದರೆ ಅದರ ನಡುವೆ ಕೂರುತ್ತವೆ. ನಮ್ಮ ಅಕ್ಷರಕ್ಕೆ ಮೇಲೆ ತಲೆಕಟ್ಟು, ಗುಡಿಸು. ಪಕ್ಕದಲ್ಲಿ ದೀರ್ಘ. ಕೆಳಗೆ ಒತ್ತು. 'ಮಳೆ' ಅಂತ ಬರೆದರೆ ಸರಿ. 'ರಾತ್ರಿ' ಅಂದ ತಕ್ಷಣ ಕೆಳಗೆ ಇನ್ನೊಂದು ಅಂತಸ್ತು ಬೇಕು. 'ಶಸ್ತ್ರ' ಅಂದರೆ ಎರಡು ಒತ್ತು. ಒತ್ತಿಗೆ ಜಾಗ ಬಿಡುವಾಗ ಮೇಲಿನ ಅಕ್ಷರವನ್ನು ಕುಗ್ಗಿಸಲೇಬೇಕು. 45 ಪಿಕ್ಸೆಲ್ ಎತ್ತರದ ಪೆಟ್ಟಿಗೆಯಲ್ಲಿ ಅಂಚು ಬಿಟ್ಟು, ಒತ್ತಿಗೆ ಬಿಟ್ಟು, ಮುಖ್ಯ ಅಕ್ಷರಕ್ಕೆ ಇಪ್ಪತ್ತು ಪಿಕ್ಸೆಲ್ ಉಳಿದರೆ ಪುಣ್ಯ. ಆ ಅಳತೆಯಲ್ಲಿ 'ಪ'ಗೂ 'ವ'ಗೂ ವ್ಯತ್ಯಾಸ ಮಂಗಮಾಯ. ಮಹಾಪ್ರಾಣದ ಕೆಳಗಿನ ಸೀಳು ಕಾಣೋದಿಲ್ಲ. ಧನ ಹುಡುಕಿಕೊಂಡು ಹೋಗುವ ಆಟ ದನ ಹುಡುಕುವ ಆಟವಾಗುತ್ತದೆ. ದನ ಹುಡುಕುವ ಆಟವೂ ಚೆನ್ನಾಗೇ ಇರಬಹುದು, ಆ ಮಾತು ಬೇರೆ.

ಆದ್ದರಿಂದ ಹೆಸರು ಇನ್ನೂ ಇಟ್ಟಿಲ್ಲದಿದ್ದರೆ ಒತ್ತಕ್ಷರ ಕಮ್ಮಿ ಇರುವ, ನಾಲ್ಕು ಅಕ್ಷರ ದಾಟದ ಹೆಸರು ನೋಡಿ. ಇಟ್ಟಾಗಿದ್ದರೆ ದಪ್ಪ ಅಕ್ಷರವೇ ಗತಿ. ಗೂಗಲ್ ಫಾಂಟ್ಸ್‌ನಲ್ಲಿ ಉಚಿತವಾಗಿ ಸಿಗುವ ಬಲೂ ತಮ್ಮ 2 ಅನ್ನೋ ಫಾಂಟ್ ದುಂಡಗೆ, ದಪ್ಪಗೆ ಇದೆ. ಮಕ್ಕಳ ಆಟಕ್ಕೆ, ತಮಾಷೆ ಆಟಕ್ಕೆ ಚಿಕ್ಕದರಲ್ಲೂ ನಿಲ್ಲುತ್ತದೆ. ಭಯದ ಆಟಕ್ಕೆ ಹಾಕಿದರೆ ದೆವ್ವ ಲಾಲಿಪಾಪ್ ಹಿಡಿದು ಬಂದ ಹಾಗೆ. ಅಕಾಯಾ ಕನಡಕದಲ್ಲಿ ಕೈಬರಹದ ಚುರುಕಿದೆ, ಪರವಾಗಿಲ್ಲ. ತಿರೋ ಕನ್ನಡ ಪುಸ್ತಕದ ಪುಟಕ್ಕೆ ಬಲು ಚೆಂದ, ಆದರೆ ಅದರ ತೆಳು ಗೆರೆಗಳು ಕುಗ್ಗಿಸಿದಾಗ ಮೊದಲು ಮಾಯವಾಗುತ್ತವೆ. ಕೈಯಲ್ಲೇ ಬರೆಸುವುದು ಎಲ್ಲಕ್ಕಿಂತ ಒಳ್ಳೆಯದು. ಗಾಂಧಿನಗರದ ಸಿನಿಮಾ ಪೋಸ್ಟರುಗಳಲ್ಲಿ ಕುಂಚದಿಂದ ಹೆಸರು ಬರೆಯುತ್ತಿದ್ದವರು ಒತ್ತನ್ನು ಪಕ್ಕದ ಅಕ್ಷರದ ಹೊಟ್ಟೆಯೊಳಗೆ ತೂರಿಸಿಬಿಡುತ್ತಿದ್ದರು. ಫಾಂಟ್‌ಗೆ ಆ ಚಾಣಾಕ್ಷತನ ಬರೋದಿಲ್ಲ.

ಕನ್ನಡ ಬಾರದ ಕಲಾವಿದರಿಗೆ ಹೆಸರು ಟೈಪ್ ಮಾಡಿ ಕಳಿಸಲೇಬೇಡಿ. ಫೋಟೋಶಾಪ್‌ನ ಹಳೆಯ ಆವೃತ್ತಿಗಳಲ್ಲಿ ವರ್ಲ್ಡ್-ರೆಡಿ ಲೇಔಟ್ ಅನ್ನೋದನ್ನು ಆಯ್ಕೆ ಮಾಡದಿದ್ದರೆ ಒತ್ತುಗಳು ಒಡೆದು ಅಕ್ಷರಗಳು ಬಿಡಿಬಿಡಿಯಾಗಿ ಬೀಳುತ್ತವೆ. ಅದು ತಪ್ಪು ಅಂತ ಅವರಿಗೆ ಗೊತ್ತಾಗೋದೂ ಇಲ್ಲ. ಅಕ್ಷರವನ್ನು ಆಕಾರವಾಗಿ ಬದಲಿಸಿ, ಆಕಾರಗಳನ್ನು ಹಾಗೇ ಉಳಿಸಿಡುವ ಎಸ್‌ವಿಜಿ ಫೈಲ್ ಕಳಿಸಿ.

ಇನ್ನು ಆಯ್ಕೆ. ಸ್ಟೀಮ್‌ನಲ್ಲಿ ಆಟವೊಂದು ಕನ್ನಡದಲ್ಲಿದೆ ಅಂತ ಭಾಷೆಗಳ ಪಟ್ಟಿಯಲ್ಲಿ ಹೇಳಬಹುದು, ಆದರೆ ಅಂಗಡಿಯನ್ನೇ ಕನ್ನಡದಲ್ಲಿ ನೋಡೋಕೆ ಆಗೋದಿಲ್ಲ. ಹಾಗಾಗಿ ಕನ್ನಡಿಗರಿಗೆ ಬೇರೆ ಕವರ್, ಉಳಿದವರಿಗೆ ಬೇರೆ ಅನ್ನೋ ದಾರಿ ಅಲ್ಲಿಲ್ಲ. ಗೂಗಲ್ ಪ್ಲೇಯಲ್ಲಿ ಇದೆ. ಕನ್ನಡದ ಪುಟಕ್ಕೆ ಕನ್ನಡದ್ದೇ ಫೀಚರ್ ಗ್ರಾಫಿಕ್ ಹಾಕಬಹುದು. ನನ್ನ ಸಲಹೆ: ಪ್ಲೇಯಲ್ಲಿ ಕನ್ನಡ ಪುಟಕ್ಕೆ ಧಾರಾಳವಾಗಿ ಕನ್ನಡ ಅಕ್ಷರ, ಸ್ಟೀಮ್‌ನ ಚಿಕ್ಕ ಕ್ಯಾಪ್ಸೂಲ್‌ಗೆ ಇಂಗ್ಲಿಷ್ ಅಕ್ಷರ. ಎರಡೂ ಲಿಪಿಯನ್ನು ಒಟ್ಟಿಗೆ ತುರುಕಿದರೆ ಎರಡೂ ಓದೋಕಾಗದು. ದೊಡ್ಡ ಚಿತ್ರಗಳಲ್ಲಿ ಜಾಗವಿದೆ. ಅಲ್ಲಿ ಕನ್ನಡವನ್ನು ಚಿತ್ರದ ಭಾಗವಾಗಿಯೇ ತರಬಹುದು, ನಮ್ಮ ಆಟದ ಮನೆಯ ಗೋಡೆಯಲ್ಲಿ ನೇತಾಡುವ ಕ್ಯಾಲೆಂಡರ್‌ನಲ್ಲಿ ಇರುವ ಹಾಗೆ.

ಯಾರು ಬರೆಯಬೇಕು

ನೀವೇ ಚೆನ್ನಾಗಿ ಬರೆಯುತ್ತೀರಾದರೂ ಕವರ್ ಬೇರೆ ವಿದ್ಯೆ. ಆಟದ ಒಳಗೆ ಓಡಾಡುವ ಚಿಕ್ಕ ಚಿತ್ರ ಬರೆಯೋದು ಬೇರೆ, ಒಂದೇ ಚೌಕಟ್ಟಿನಲ್ಲಿ ಕಣ್ಣು ಹಿಡಿದು ನಿಲ್ಲಿಸೋದು ಬೇರೆ. ಸ್ಟೀಮ್‌ನಲ್ಲಿ ಒಂದು ಆಟ ಹಾಕೋಕೆ 100 ಡಾಲರ್ ಕಟ್ಟುತ್ತೇವೆ. ಕವರ್‌ಗೆ ಅಂತಲೇ ಇರುವ ಕಲಾವಿದರು ಕೆಲವು ನೂರು ಡಾಲರ್‌ನಿಂದ ಶುರು ಮಾಡಿ ಸಾವಿರದ ಆಚೆಗೂ ಕೇಳುತ್ತಾರೆ. ಕೇಳಿದ ಕೂಡಲೇ ಎದೆ ಝಲ್ ಅನ್ನುತ್ತದೆ. ಆದರೂ ನಿಮ್ಮ ಹತ್ತಿರ ಒಂದೇ ಕಡೆ ಖರ್ಚು ಮಾಡುವಷ್ಟು ದುಡ್ಡಿದ್ದರೆ ಇಲ್ಲೇ ಮಾಡಿ ಅಂತೀನಿ. ಜಾಹೀರಾತಿಗೆ ಹಾಕಿದ ದುಡ್ಡು ಆ ವಾರಕ್ಕೆ ಮುಗಿಯುತ್ತದೆ, ಕವರ್ ವರ್ಷಗಟ್ಟಲೆ ನಿಂತಿರುತ್ತದೆ.

ಬರೆಸುವಾಗ ಮಾತು ಮೊದಲೇ ಬರಹದಲ್ಲಿರಲಿ. ಲೇಯರ್ ಸಮೇತ ಮೂಲ ಫೈಲ್ ಕೊಡಬೇಕು. ಮಾರಾಟಕ್ಕೆ, ಟೀಶರ್ಟ್‌ಗೆ ಬಳಸಬಹುದಾ ಹೇಳಬೇಕು. ಎಷ್ಟು ಸಲ ತಿದ್ದಿಕೊಡುತ್ತಾರೆ ಅನ್ನೋದೂ ಇರಬೇಕು. ನಾವು ಮೊದಲ ಸಲ ಇದನ್ನೆಲ್ಲ ಬಿಟ್ಟು ಬರೀ ಒಂದು ಜೆಪೆಗ್, ಅಂದರೆ ಲೇಯರ್‌ಗಳೆಲ್ಲ ಒಂದಾಗಿಬಿಟ್ಟ ಚಿತ್ರ, ಇಸಿದುಕೊಂಡೆವು. ಆ ಚಿತ್ರದಿಂದ ಮನೆಯನ್ನು ಬಿಡಿಸಿ ತೆಗೆಯೋಕೆ ಸ್ನೇಹಿತ ಎರಡು ರಾತ್ರಿ ಕೂತ. ಕಲಾವಿದರ ತಪ್ಪಲ್ಲ, ಕೇಳದೆ ಇದ್ದವರು ನಾವು.

ಇನ್ನೊಂದು: ಬರೆಯುವವರಿಗೆ ಹೆಡರ್‌ನಿಂದ ಶುರು ಮಾಡಿ ಅನ್ನಬೇಡಿ. ಮೊದಲು ಹೆಬ್ಬೆರಳಷ್ಟು ಅಳತೆಯ ಆರು ಒರಟು ಸ್ಕೆಚ್ ಕೇಳಿ. ಆ ಅಳತೆಯಲ್ಲೇ ಒಂದನ್ನು ಆರಿಸಿ. ಬಣ್ಣ ಆಮೇಲೆ.

ಸಿದ್ಧ ಅಸೆಟ್, ಅಂದರೆ ಬೇರೆಯವರು ಮಾಡಿ ಮಾರುವ ಚಿತ್ರಗಳನ್ನು ಕೊಂಡು ಜೋಡಿಸೋದು ಇಚ್‌ನಲ್ಲಿ ಹಾಕುವ ವಾರಾಂತ್ಯದ ಆಟಕ್ಕೆ ಸಾಕು. ಎಐ ಕೈಲಿ ಚಿತ್ರ ಮಾಡಿಸುವ ವಿಷಯಕ್ಕೆ ಬಂದರೆ, ಸ್ಟೀಮ್ 2024ರ ಜನವರಿಯಲ್ಲಿ ನಿಯಮ ತಂದಿದೆ. ಬಳಸಿದ್ದನ್ನು ಫಾರ್ಮ್‌ನಲ್ಲಿ ಹೇಳಬೇಕು, ಅದು ಆಟದ ಪುಟದಲ್ಲಿ ಎಲ್ಲರಿಗೂ ಕಾಣುತ್ತದೆ. ಅದನ್ನು ನೋಡಿ ಬೇಡ ಅಂತ ಹೋಗುವ ಆಟಗಾರರು ಸಾಕಷ್ಟಿದ್ದಾರೆ. ನನಗೆ ಅದಕ್ಕಿಂತ ದೊಡ್ಡ ತೊಂದರೆ ಕಂಡದ್ದು ಬೇರೆ. ಮಲೆನಾಡಿನ ಮನೆ ಕೇಳಿದರೆ ಅದು ಕೊಟ್ಟದ್ದು ಎಲ್ಲೂ ಇಲ್ಲದ ಮನೆ. ಮಾಡಿನ ಇಳಿಜಾರೂ ತಪ್ಪು, ಜಗಲಿಯೇ ಇಲ್ಲ. ನಮ್ಮದು ಅಂತ ಇದ್ದ ಒಂದೇ ಒಂದು ಗುರುತನ್ನೂ ಅದು ಒರೆಸಿಹಾಕಿತ್ತು.

ಹಾಕುವ ಮುಂಚೆ, ಹಾಕಿದ ಮೇಲೆ

ಸ್ಟೀಮ್ ಕವರ್ ಮೇಲೆ ಏನು ಬರೆಯಬಾರದು ಅನ್ನೋದು 2022ರ ಸೆಪ್ಟೆಂಬರ್ 1ರಿಂದ ಸ್ಪಷ್ಟ ಇದೆ. ಆಟದ ಚಿತ್ರ, ಹೆಸರು, ಉಪಹೆಸರು, ಅಷ್ಟೇ. ವಿಮರ್ಶೆಯ ಅಂಕ, ಪ್ರಶಸ್ತಿ, ರಿಯಾಯಿತಿ ಏನೂ ಇಲ್ಲ. ಮೀರಿದರೆ ಅಂಗಡಿಯಲ್ಲಿ ಆಟ ಕಾಣೋದೇ ಕಮ್ಮಿಯಾಗಬಹುದು, ಸೇಲ್‌ಗಳಲ್ಲಿ ಮುಂದೆ ಬರುವ ಅವಕಾಶವೂ ಹೋಗಬಹುದು. ದೊಡ್ಡ ಅಪ್‌ಡೇಟ್ ಬಂದಾಗ ಸ್ವಲ್ಪ ದಿನದ ಮಟ್ಟಿಗೆ ಬೇರೆ ಕವರ್ ಹಾಕೋಕೆ ಪ್ರತ್ಯೇಕ ದಾರಿ ಇದೆ, ಅದನ್ನು ಬಳಸಿ.

ಪರೀಕ್ಷೆಯ ವಿಷಯದಲ್ಲಿ ಗೂಗಲ್ ಪ್ಲೇ ಮುಂದಿದೆ. ಈಗಿರುವ ಐಕಾನ್ ಎದುರು ಇನ್ನೂ ಮೂರನ್ನು ನಿಲ್ಲಿಸಿ, ಬೇರೆ ಬೇರೆ ಜನರಿಗೆ ತೋರಿಸಿ, ಯಾವುದಕ್ಕೆ ಜಾಸ್ತಿ ಡೌನ್‌ಲೋಡ್ ಅಂತ ಅದೇ ಹೇಳುತ್ತದೆ. ಸ್ಟೀಮ್‌ನಲ್ಲಿ ಅಂಥದ್ದಿಲ್ಲ. ಎಷ್ಟು ಸಲ ಕಂಡಿತು, ಎಷ್ಟು ಜನ ಒತ್ತಿದರು ಅನ್ನೋ ಲೆಕ್ಕ ಸಿಗುತ್ತದೆ, ಕವರ್ ಬದಲಿಸಿ ಹಿಂದಿನದರ ಜೊತೆ ಹೋಲಿಸಬೇಕು. ಸೇಲ್ ನಡೆಯುವ ವಾರದಲ್ಲಿ ಬದಲಿಸಿದರೆ ಆ ಲೆಕ್ಕ ನಂಬಬೇಡಿ. ಜನ ಬಂದದ್ದು ಕವರ್‌ಗೋ ಸೇಲ್‌ಗೋ ಹೇಳೋಕಾಗಲ್ಲ.

ಬೆಲೆಯಿಲ್ಲದ ಪರೀಕ್ಷೆಗಳೂ ಇವೆ. ಚಿತ್ರವನ್ನು ಕಪ್ಪುಬಿಳುಪು ಮಾಡಿ. ಮುಖ್ಯವಾದದ್ದು ಹಿನ್ನೆಲೆಯಲ್ಲಿ ಕರಗಿದರೆ ಬಣ್ಣ ನಿಮ್ಮನ್ನು ಏಮಾರಿಸುತ್ತಿತ್ತು ಅಂತ ಅರ್ಥ. ಸ್ಟೀಮ್‌ನ ಪುಟ ಕಡುನೀಲಿ, ಕತ್ತಲ ಅಂಚಿನ ಕವರ್ ಅದರಲ್ಲಿ ಮುಳುಗುತ್ತದೆ. ಬಿಳಿ ಪುಟದ ಮೇಲೂ, ಕಡುನೀಲಿ ಪುಟದ ಮೇಲೂ ಇಟ್ಟು ನೋಡಿ. ಆಮೇಲೆ ಫೋನನ್ನು ತೋಳಿನಷ್ಟು ದೂರ ಹಿಡಿದು ನೋಡಿ. ಇಷ್ಟನ್ನೂ ಆಟ ಬಿಡುಗಡೆಯಾಗುವ ಹೊತ್ತಿಗಲ್ಲ, ಆಟ ಬರಲಿದೆ ಅಂತ ಹೇಳುವ 'ಶೀಘ್ರದಲ್ಲೇ' ಪುಟ ತೆರೆಯುವ ಹೊತ್ತಿಗೆ ಮುಗಿಸಿರಬೇಕು. ಬಿಡುಗಡೆಗೆ ಎರಡು ವಾರ ಮುಂಚೆಯಾದರೂ ಆ ಪುಟ ಇರಲೇಬೇಕು ಅಂತ ಸ್ಟೀಮ್‌ನ ನಿಯಮ. ಆದರೆ ಆಮೇಲೆ ಕೊಳ್ಳೋಣ ಅಂತ ಆಟವನ್ನು ತಮ್ಮ ವಿಶ್‌ಲಿಸ್ಟ್‌ಗೆ ಸೇರಿಸಿಕೊಳ್ಳುವ ಜನ ತಿಂಗಳುಗಟ್ಟಲೆ ಮುಂಚಿನಿಂದಲೇ ಬರುತ್ತಿರುತ್ತಾರೆ.

ನಮ್ಮ ಈಗಿನ ಕವರ್‌ನಲ್ಲಿ ಒಂದು ಕೈ, ಚಿಮಣಿ ಬುಡ್ಡಿ, ಅದರ ಹಳದಿ ಬೆಳಕಿನಲ್ಲಿ ಅರ್ಧ ಮುಖ. 120×45ರಲ್ಲಿ ಹಳದಿ ಚುಕ್ಕೆ ಮತ್ತು ಹೆಸರು ಕಾಣುತ್ತದೆ, ಮುಖ ಕಾಣೋದಿಲ್ಲ. ಸಾಕು. ಮಳೆಯಲ್ಲಿ ನೆನೆಯುವ ಮೊದಲ ಚಿತ್ರದ ಮನೆಯನ್ನು ಎಸೆಯಲಿಲ್ಲ. ಲೈಬ್ರರಿಯ ಹೀರೋ ಚಿತ್ರದಲ್ಲಿ ಅಕ್ಷರ ಹಾಕುವಂತಿಲ್ಲ, ಅಗಲ ಬೇಕಾದಷ್ಟಿದೆ. ಅಡಿಕೆ ಮರಗಳನ್ನು ಎರಡೂ ಕಡೆ ಇನ್ನಷ್ಟು ಬೆಳೆಸಿ ಅಲ್ಲಿ ಹಾಕಿದ್ದೇವೆ. ಆಟ ಕೊಂಡವರಿಗೆ ಮಾತ್ರ ಅಜ್ಜಿ ಮನೆ ಕಾಣುತ್ತದೆ.